ಹರಿಗೋಲು ಸೀಳಿದ ಕೈ

ಷೆಡ್ಡಿನ ಬಾಗಿಲು ತೆಗೆದ ಗಂಗಲಕ್ಷ್ಮಮ್ಮ ಕೂಗಲಿಲ್ಲ. ಕೂಗುವ ಜಾಯಮಾನ ಅವಳದ್ದಲ್ಲ.

ಕಣ್ಣೆದುರಿಗೆ ಹರಿಗೋಲು ಬಿದ್ದಿತ್ತು. ನಿನ್ನೆ ಆಯುಧಪೂಜೆ. ಅವಳೇ ಅದಕ್ಕೆ ಚೆಂಡುಹೂವಿನ ಹಾರ ಸುತ್ತಿದ್ದಳು. ಹಾರ ಹಾಗೇ ಇತ್ತು. ತಳದ ಎಮ್ಮೆ ತೊಗಲು ಮಾತ್ರ ಈ ಕೊನೆಯಿಂದ ಆ ಕೊನೆಗೆ ಸೀಳಿಹೋಗಿತ್ತು.

ಅವಳು ಒಳಗೆ ಕಾಲಿಡಲಿಲ್ಲ. ಚಿಲಕ ಹಾಕಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಕಾಮಾಕ್ಷಿಪಾಳ್ಯದಿಂದ ಪೊಲೀಸ್ ಚೌಕಿಯವರೆಗೆ ಒಂದೇ ಉಸಿರಿಗೆ ನಡೆದಳು.

ಸಬ್ ಇನ್ಸ್‌ಪೆಕ್ಟರ್ ಹನುಮಂತಯ್ಯ ಮನೆಗೆ ಹೊರಡಲು ಟೋಪಿ ಕೈಗೆತ್ತಿಕೊಂಡಿದ್ದರು. ವಿಜಯದಶಮಿ. ಮನೆಯಲ್ಲಿ ಒಬ್ಬಟ್ಟು.

"ಏನಮ್ಮಾ, ಹಬ್ಬದ ದಿನ ಬೆಳಿಗ್ಗೇನೇ?"

"ನಮ್ಮ ಹರಿಗೋಲು ಕುಯ್ದಿದಾರೆ ಸಾರ್."

"ಹರಿಗೋಲಾ? ಕಾಮಾಕ್ಷಿಪಾಳ್ಯದಲ್ಲಾ? ಇಲ್ಲಿ ಕೊಡ ತುಂಬ ನೀರು ಸಿಕ್ಕಿದ್ರೆ ಸಾಕು ಅಂತಾರೆ ಜನ."

"ಇಲ್ಲಿಗಲ್ಲ ಸಾರ್. ಕಾಳಿ ನದಿಗೆ. ಇವತ್ತು ಹೊತ್ತು ಮುಳುಗೋದ್ರೊಳಗೆ ನಾವು ಹೊರಡ್ಬೇಕು. ಹೊರಡ್ಲಿಲ್ಲ ಅಂದ್ರೆ ನಾಳಿದ್ದು ನನಗೆ ವೀಳ್ಯಶಾಸ್ತ್ರ."

ಹನುಮಂತಯ್ಯ ಟೋಪಿಯನ್ನು ಮತ್ತೆ ಮೇಜಿನ ಮೇಲಿಟ್ಟರು. ಒಬ್ಬಟ್ಟು ಎಲ್ಲಿಗೂ ಓಡಿಹೋಗುವುದಿಲ್ಲ.

* * *

ಸಂಗತಿ ಇಷ್ಟು. ಗಂಗಲಕ್ಷ್ಮಮ್ಮ ಕುರುಬರಹಳ್ಳಿಯ ಹುಡುಗಿ. ಹೊಸದಾಗಿ ಎದ್ದಿದ್ದ ರಾಜಾಜಿನಗರದ ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಮೇಡಂ. ತಂದೆ ಇಲ್ಲ. ಸಾಕಿದವರು ದೊಡ್ಡಪ್ಪ ಬೈರಪ್ಪ. ಹೊಲ, ಗದ್ದೆ, ಊರಿನಲ್ಲಿ ಮಾತು ಎಲ್ಲ ಇದ್ದ ಆಸಾಮಿ.

ರಾಜ್ಯ ಒಂದಾಗಿ ವರ್ಷ ತುಂಬುತ್ತಿತ್ತು. ಈಗ ಹಂಪೆಯೂ ನಮ್ಮದು, ಕಾಳಿ ನದಿಯೂ ನಮ್ಮದು, ನಮ್ಮದನ್ನು ನಾವೇ ನೋಡದಿದ್ದರೆ ಹೇಗೆ ಎಂದು ತಲೆಗೆ ಹುಳ ಬಿಟ್ಟವನು ಪುರುಷೋತ್ತಮ. ಕಾಮಾಕ್ಷಿಪಾಳ್ಯದಲ್ಲಿ ಲೇತ್ ಮೆಷಿನ್ ಇಟ್ಟುಕೊಂಡಿದ್ದವನು. ಷೆಡ್ಡು ಅವನದು, ಹಳೆಯ ವ್ಯಾನೂ ಅವನದೇ. ಯಾತ್ರೆ ಆರು ವಾರದ್ದು. ಮೊದಲು ಬಾಬಾಬುಡನ್ ಬೆಟ್ಟಗಳು. ಆಮೇಲೆ ಹಾಳು ಹಂಪೆ. ಕೊನೆಗೆ ದಾಂಡೇಲಿಯ ಕಾಡಿನೊಳಗೆ ಕಾಳಿ ನದಿ ಹಿಡಿದು ಹರಿಗೋಲಿನಲ್ಲಿ ಪಯಣ.

ಮೂರನೆಯವನು ದೊಡ್ಡಣ್ಣ. ಬೈರಪ್ಪನವರ ಒಬ್ಬನೇ ಮಗ, ಗರಡಿಯ ಪೈಲ್ವಾನ. ಅವನು ಬರುತ್ತಾನೆಂದೇ ಬೈರಪ್ಪ ಒಪ್ಪಿದ್ದು. "ಅಣ್ಣ ಜೊತೇಲಿದ್ರೆ ಹೋಗು. ಆದ್ರೆ ವಿಜಯದಶಮಿ ಹೊತ್ತು ಮುಳುಗೋದ್ರೊಳಗೆ ಊರು ಬಿಡ್ಬೇಕು. ತಪ್ಪಿದ್ರೆ ನೆಲಮಂಗಲದ ಗಂಡಿನವರ ಮುಂದೆ ತಲೆ ಬಗ್ಗಿಸಿ ಕೂತ್ಕೋಬೇಕು" ಎಂದಿದ್ದರು. ಊರಿನ ತುಂಬ ನಗು. ಹೆಣ್ಣುಹುಡುಗಿಗೆ ಬೆಟ್ಟವಂತೆ, ಹೊಳೆಯಂತೆ. ಕೇಳಿ ಕೇಳಿ ಅವಳ ಕಿವಿ ತೂತಾಗಿತ್ತು. ಅವಳು ಮಾತ್ರ ದಿನಾ ಬೆಳಿಗ್ಗೆ ಊರ ಕೆರೆಯನ್ನು ಈ ದಡದಿಂದ ಆ ದಡಕ್ಕೆ ಈಜುತ್ತಿದ್ದಳು.

* * *

ಹನುಮಂತಯ್ಯ ಹರಿಗೋಲಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತರು. ಸೀಳಿನ ಅಂಚಿಗೆ ಬೆರಳು ಆಡಿಸಿದರು. ತೊಗಲಿಗೆ ಹೊಂಗೆಣ್ಣೆ ಸವರಿತ್ತು. ಬೆರಳು ಜಾರಿತು.

"ಒಳಗಿಂದ ಕುಯ್ದಿದಾರೆ. ಉದ್ದದ ಅಲಗು. ಒಳ್ಳೇ ರಟ್ಟೆ."

ಎದ್ದು ಸುತ್ತ ನೋಡಿದರು. ಗೋಡೆಗೆ ಚಾಮುಂಡಿಯ ಪಟ. ಅದರ ಮುಂದೆ ಸಾಲಾಗಿ ಸಾಮಾನು. ಹಗ್ಗದ ಸುರುಳಿ, ಗುಡಾರ, ಲಾಟೀನು, ಕೊಡಲಿ, ಹಾರೆ, ಮಚ್ಚು. ಹೊರಗೆ ವ್ಯಾನು. ಒಂದೊಂದಕ್ಕೂ ಕುಂಕುಮದ ಬೊಟ್ಟು, ಒಂದು ಚೆಂಡುಹೂವು.

"ಬೊಟ್ಟು ಇಟ್ಟಿದ್ಯಾರು?"

"ನಾನೇ ಸಾರ್. ಎಲ್ಲಕ್ಕೂ ಅರಿಶಿನ ಹಚ್ಚಿ, ಅದರ ಮೇಲೆ."

"ಬೇರೆ ಏನಾದ್ರೂ ಹಾಳಾಗಿದ್ಯಾ? ಹಗ್ಗ? ಗುಡಾರ? ವ್ಯಾನಿನ ಟೈರು?"

"ಇಲ್ಲ. ಎಲ್ಲ ಸರಿಯಾಗಿದೆ. ಬರೀ ಹರಿಗೋಲು."

ಹನುಮಂತಯ್ಯ ಆ ಸಾಲಿನ ಮುಂದೆ ಬಗ್ಗಿ ನಿಂತರು. ಒಂದೊಂದು ಬೊಟ್ಟನ್ನೂ ನೋಡಿದರು. ಮಚ್ಚಿನ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನಿಂತರು.

ಅಷ್ಟರಲ್ಲಿ ಪುರುಷೋತ್ತಮ ಬಂದ. ತೊಗಲು ನೋಡಿ ಹಣೆ ಚಚ್ಚಿಕೊಂಡ. ಆಮೇಲೆ ಹನುಮಂತಯ್ಯನವರನ್ನು ಪಕ್ಕಕ್ಕೆ ಕರೆದ.

"ಸಾರ್, ಹೇಳೋಕೆ ಬೇಜಾರು. ಅವಳೇ ಕುಯ್ದಿರಬಹುದಲ್ವಾ?"

"ಅವಳಿಗೇನು ಬಂತು?"

"ಹುಡುಗಿ. ಕೊನೇ ಗಳಿಗೇಲಿ ಹೆದರಿರ್ತಾಳೆ. ಹೋಟ್ಲಲ್ಲೂ ಅದೇ ಮಾತು. ಬೆಳಿಗ್ಗೆಯಿಂದ ಊರೆಲ್ಲ ಅದೇ ಹೇಳ್ತಿದೆ."

"ಊರಿಗೆ ಮೊದಲು ಹೇಳಿದ್ಯಾರು?"

ಪುರುಷೋತ್ತಮ ತಲೆ ಕೆರೆದುಕೊಂಡ. ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಗಾಳಿಸುದ್ದಿಗೆ ಅಪ್ಪ ಅಮ್ಮ ಇರುವುದಿಲ್ಲ.

ಗಂಗಲಕ್ಷ್ಮಮ್ಮನ ಕಿವಿ ಚುರುಕು. ಅಲ್ಲಿಂದಲೇ ಹೇಳಿದಳು. "ಪುರುಷೋತ್ತಮಣ್ಣ, ನನಗೆ ಹೆದರಿಕೆ ಆದ್ರೆ ಬಾಯಲ್ಲಿ ಹೇಳ್ತೀನಿ. ತೊಗಲಿನ ಮೇಲೆ ತೋರ್ಸಲ್ಲ. ದಬ್ಬಳ ಇದ್ಯಾ ನಿಮ್ಹತ್ರ?"

"ದಬ್ಬಳ ಯಾಕಮ್ಮ? ಇನ್ನೆಲ್ಲಿ ಹೊರಡೋದು?"

"ಹೊಲಿಯೋಕೆ."

ಮೂಟೆ ಹೊಲಿಯುವ ದಬ್ಬಳ ಸಿಕ್ಕಿತು. ತೇಪೆಗೆ ತೊಗಲು ಬೇಕು. ಅದನ್ನು ತರಲು ಅವಳು ಕುರುಬರಹಳ್ಳಿಯ ಮನೆಗೆ ಹೊರಟಳು. ಹನುಮಂತಯ್ಯ ಸೈಕಲ್ ತಳ್ಳಿಕೊಂಡು ಅವಳ ಜೊತೆ ನಡೆದರು.

* * *

ಬೈರಪ್ಪ ಜಗಲಿಯ ಮೇಲೆ ಕೂತಿದ್ದರು. ಹಣೆಯ ತುಂಬ ವಿಭೂತಿ. ಮುಖ ಗಂಟು.

"ನಾನೇ ಕುಯ್ಸಿದೆ ಅಂತ ಬಂದ್ರಾ ಸ್ವಾಮಿ?"

"ಕೇಳ್ದೆ ಹೋದ್ರೆ ತಪ್ಪಾಗುತ್ತಲ್ಲ ಯಜಮಾನ್ರೇ. ಯಾತ್ರೆ ನಿಂತ್ರೆ ನಿಮಗೇ ಲಾಭ."

"ಲಾಭ ನನಗೇ. ಇಲ್ಲ ಅನ್ನಲ್ಲ. ಆದ್ರೆ ಮಾತು ಕೊಟ್ಟಿದೀನಿ. ಅವಳನ್ನ ನಿಲ್ಲಿಸ್ಬೇಕು ಅಂತಿದ್ರೆ ಹಗಲಲ್ಲೇ ಬಾಗಿಲಿಗೆ ಅಡ್ಡ ನಿಲ್ತಿದ್ದೆ. ಕಳ್ಳನ ಥರ ಹೋಗಿ ತೊಗಲು ಕುಯ್ತೀನಾ?"

"ನಿಮ್ಮ ಆಳುಗಳು?"

"ಆಳಿಗೆ ಕುಯ್ಯೋಕೆ ಹೇಳಿದ್ರೆ ವ್ಯಾನಿನ ಟೈರು ಕುಯ್ತಾನೆ. ಹರಿಗೋಲು ಅಂದ್ರೆ ಏನು ಅಂತಾನೇ ಅವನಿಗೆ ಗೊತ್ತಿಲ್ಲ."

ಹನುಮಂತಯ್ಯ ಆ ಮಾತಿಗೆ ತಲೆ ಅಲ್ಲಾಡಿಸಿದರು. ಒರಟು ಮನುಷ್ಯ, ಆದರೆ ಆಡಿದ್ದರಲ್ಲಿ ಹುರುಳಿತ್ತು.

ಹಿತ್ತಲಲ್ಲಿ ಅಕ್ಕಯ್ಯಮ್ಮ ಮೊಮ್ಮಗಳಿಗೆ ಹಳೆಯ ತೊಗಲು ಎಳೆದುಕೊಡುತ್ತಿದ್ದಳು. ಬೈರಪ್ಪನವರ ತಾಯಿ. ಬಾಗಿದ ಬೆನ್ನು, ಬೊಚ್ಚು ಬಾಯಿ. ತೊಗಲು ಕಪಿಲೆ ಬಾವಿಯಿಂದ ನೀರೆತ್ತುತ್ತಿದ್ದದ್ದು. ಕರೆಂಟಿನ ಪಂಪು ಬಂದ ಮೇಲೆ ಮೂಲೆ ಸೇರಿತ್ತು.

"ಅಜ್ಜಿ, ನಿನ್ನೆ ಷೆಡ್ಡಿನ ಕಡೆ ಹೋಗಿದ್ರಂತೆ?" ಎಂದರು ಹನುಮಂತಯ್ಯ. ಹೋಗಿದ್ದಳೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹರಿಗೋಲಿನ ಅಂಚಿಗೆ ಕಟ್ಟಿದ್ದ ತಾಯಿತ ನೋಡಿದ್ದರು, ಅಷ್ಟೇ.

"ಹೋಗಿದ್ದೆ ಕಣಪ್ಪ. ದೀಪ ಹಚ್ಚೋ ಹೊತ್ತಿಗೆ. ತಾಯಿತ ಕಟ್ಟಿ ಬಂದೆ. ಆಗ ತೊಗಲು ನೆಟ್ಟಗಿತ್ತು."

"ಮೊಮ್ಮಗಳು ಹೋಗೋದು ನಿಮಗೆ ಇಷ್ಟಾನಾ?"

ಅಕ್ಕಯ್ಯಮ್ಮ ಜಗಲಿಯ ಕಡೆ ಒಮ್ಮೆ ನೋಡಿದಳು. ಮಗನಿಗೆ ಕೇಳಲಿ ಎಂದೇ ದನಿ ಏರಿಸಿದಳು. "ನಾನು ಹುಟ್ಟಿದ್ಮೇಲೆ ಕೆಂಗೇರಿ ದಾಟಿಲ್ಲ. ಅವಳಾದ್ರೂ ದಾಟ್ಲಿ. ಬೆಟ್ಟ ಏನು ಗಂಡಸರಿಗೆ ಬರ್ಕೊಟ್ಟಿದಾರಾ?"

ಜಗಲಿಯಿಂದ ಕೆಮ್ಮು ಕೇಳಿಸಿತು.

* * *

ದೊಡ್ಡಣ್ಣ ಗರಡಿಯಲ್ಲಿದ್ದ. ಹಬ್ಬದ ಪೂಜೆ ನಡೆಯುತ್ತಿತ್ತು. ಆಜಾನುಬಾಹು, ಬಾಗಿಲಿನಲ್ಲಿ ನಿಂತರೆ ಒಳಗೆ ಬೆಳಕಿಲ್ಲ. ಗೋಡೆಗೆ ಒರಗಿಸಿದ್ದ ಗದೆಗಳಿಗೆ ಅವನೇ ಕುಂಕುಮವಿಡುತ್ತಿದ್ದ. ಹೆಬ್ಬೆರಳು ಅದ್ದುವುದು, ಕೆಳಗಿನಿಂದ ಮೇಲಕ್ಕೆ ಒಂದೇ ಎಳೆತ. ಪ್ರತಿ ಗದೆಯನ್ನೂ ಮುಟ್ಟಿ ಕಣ್ಣಿಗೊತ್ತಿಕೊಂಡು ಕೈಮುಗಿಯುತ್ತಿದ್ದ. ಭಕ್ತಿಯಲ್ಲಿ ಕಪಟವಿರಲಿಲ್ಲ.

"ಸುದ್ದಿ ಕೇಳ್ದೆ ಸಾರ್. ಹೊಟ್ಟೆ ಉರಿದ್ಹೋಯ್ತು. ಸಿಕ್ಕಿದ್ರೆ ಅವನ ಮೂಳೆ ಮುರಿತೀನಿ."

"ಯಾರ ಮೇಲೆ ಅನುಮಾನ?"

"ಯಾರ ಮೇಲೆ ಅಂತ ಹೇಳ್ಲಿ? ನಮ್ಮ ಗಂಗೂನೇ ಪಾಪ, ನಿನ್ನೆ ಸಂಜೆ ಯಾಕೋ ಸಪ್ಪಗಿದ್ಲು. ಹೋಟ್ಲಲ್ಲಿ ಹುಡುಗರು ಕೇಳಿದ್ದಕ್ಕೆ ನಾನೂ ಅದೇ ಹೇಳ್ದೆ. ಹೆಣ್ಣಲ್ವಾ, ಹೆದರಿಕೆ ಇರುತ್ತೆ."

"ಹಂಗಾದ್ರೆ ಯಾತ್ರೆ ಮುಗೀತು ಅನ್ನಿ."

"ಯಾಕೆ ಸಾರ್ ಮುಗಿಯೋದು? ಹರಿಗೋಲು ಹೋದ್ರೆ ಹೊಳೆ ಒಂದು ಬಿಟ್ರಾಯ್ತು. ಬೆಟ್ಟ ಹತ್ತೋಣ, ಹಂಪೆ ನೋಡೋಣ, ವಾಪಸ್ ಬರೋಣ. ಪುರುಷೋತ್ತಮನಿಗೂ ಅದೇ ಹೇಳ್ಬೇಕು ಅಂತಿದೀನಿ."

"ನಿಮಗೆ ಈಜು ಬರುತ್ತಲ್ಲ?"

"ಏನು ಸಾರ್ ಹಿಂಗ್ ಕೇಳ್ತೀರಾ! ಕಾವೇರಿ ತುಂಬಿ ಹರೀವಾಗ ಈಜಿದೋನು."

ಹನುಮಂತಯ್ಯ ನಸ್ಯದ ಡಬ್ಬಿ ತೆಗೆದರು. ಒಂದು ಚಿಟಿಕೆ ಏರಿಸಿ, ಸೀನಿ, ಮೂಗು ಒರೆಸಿಕೊಂಡರು.

"ಒಳ್ಳೇದಾಯ್ತು. ಮಧ್ಯಾಹ್ನ ಊರ ಕೆರೆಗೆ ಬನ್ನಿ. ನಿಮ್ಮ ತಂಗಿ ಹರಿಗೋಲು ಹೊಲೀತಿದಾಳೆ. ನೀರಿಗೆ ಬಿಟ್ಟು ನೋಡೋಣ."

ದೊಡ್ಡಣ್ಣನ ಹೆಬ್ಬೆರಳು ಗದೆಯ ಮೇಲೆ ಅರ್ಧಕ್ಕೇ ನಿಂತಿತು. "ಬರ್ತೀನಿ ಸಾರ್" ಎಂದ. ದನಿ ಮೊದಲಿನಷ್ಟು ದಪ್ಪವಿರಲಿಲ್ಲ.

* * *

ಕೆರೆಯ ಏರಿಯ ಮೇಲೆ ಅರ್ಧ ಕುರುಬರಹಳ್ಳಿ ಸೇರಿತ್ತು. ಹಬ್ಬದ ಊಟ ಮುಗಿದಿತ್ತು, ಬಿಟ್ಟಿ ತಮಾಷೆ ಯಾರಿಗೆ ಬೇಡ? ಹೆದರಿದ ಹುಡುಗಿಯ ನಾಟಕ ನೋಡಲೆಂದೇ ಬಂದವರು ಬಹಳ ಜನ. ಅವರಿಗೆಲ್ಲ ಕೇಳುವಂತೆ ಹೇಳಬೇಕೆನಿಸುತ್ತದೆ, ನಾಚಿಕೆಯಾಗಬೇಕು ನಿಮಗೆ ಎಂದು. ಹುಡುಗಿಯ ಬೆರಳುಗಳಿಗೆ ದಬ್ಬಳ ಚುಚ್ಚಿ ರಕ್ತ ಬಂದಿತ್ತು. ಊಟವನ್ನೂ ಮಾಡಿರಲಿಲ್ಲ. ಹೊಲಿಗೆಯ ಮೇಲೆ ಬಿಸಿ ಟಾರು ಸವರಿ, ತೇಪೆ ಹಾಕಿದ ಹರಿಗೋಲನ್ನು ಪುರುಷೋತ್ತಮನ ಜೊತೆ ತಾನೇ ಹೊತ್ತು ತಂದಿದ್ದಳು.

ಹರಿಗೋಲು ನೀರಿಗಿಳಿಯಿತು. ತೇಲಿತು. ಹೊಲಿಗೆಯ ಒಂದು ಕಡೆ ಸ್ವಲ್ಪ ನೀರು ಜಿನುಗಿತು, ಅಷ್ಟೇ.

ಗಂಗಲಕ್ಷ್ಮಮ್ಮ ಕಚ್ಚೆ ಕಟ್ಟಿ ಹತ್ತಿದಳು. ಪುರುಷೋತ್ತಮ ಹತ್ತಿದ. ಹನುಮಂತಯ್ಯ ಬೂಟು ಕಳಚಿದರು.

"ನಾನೂ ಬರ್ತೀನಿ. ದೊಡ್ಡಣ್ಣ, ಹತ್ತಿ."

"ಭಾರ ಜಾಸ್ತಿ ಆಗುತ್ತೆ ಸಾರ್."

"ಸರಿ. ನಾನು ಬರಲ್ಲ. ನೀವು ಹತ್ತಿ."

"ಹೊಲಿಗೆ ಹಸಿ ಸಾರ್. ಇವತ್ತು ಬೇಡ."

"ಮುಳುಗಿದ್ರೆ ಈಜ್ಕೊಂಡು ಬನ್ನಿ. ಕಾವೇರಿ ಈಜಿದೋರಿಗೆ ಈ ಕೆರೆ ಯಾವ ಲೆಕ್ಕ?"

ಏರಿಯ ಮೇಲಿಂದ ಬೈರಪ್ಪ ಗುಡುಗಿದರು. "ಹತ್ತೋ! ಏನ್ ನೋಡ್ತಾ ನಿಂತೆ?"

ದೊಡ್ಡಣ್ಣ ಒಂದು ಕಾಲು ಇಟ್ಟ. ಹರಿಗೋಲು ಬಾಗಿ ತಿರುಗಿತು. ಮೊಣಕಾಲುದ್ದ ನೀರು. ಅಷ್ಟರಲ್ಲೇ ಆ ದೊಡ್ಡ ದೇಹ ಗಡಗಡ ನಡುಗಿತು. ಅವನು ಹಿಂದಕ್ಕೆ ಬಿದ್ದ. ಕೆಸರಿನಲ್ಲಿ ಕೈಯೂರಿ ದಡಕ್ಕೆ ತೆವಳಿದ. ಯಾರೋ ನಗಲು ಹೊರಟು ಅವನ ಮುಖ ನೋಡಿ ಸುಮ್ಮನಾದರು.

ಹನುಮಂತಯ್ಯ ಅವನ ಪಕ್ಕ ಕೂತರು. ಗದರಲಿಲ್ಲ.

"ನೀವೇ ಅಲ್ವಾ?"

ದೊಡ್ಡಣ್ಣ ಹೌದೆಂದು ತಲೆಯಾಡಿಸಿದ.

* * *

"ಹೆಂಗ್ ಗೊತ್ತಾಯ್ತು ಸಾರ್?" ಪುರುಷೋತ್ತಮನಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ.

"ಯಾತ್ರೆ ನಿಲ್ಲಿಸ್ಬೇಕು ಅನ್ನೋನು ವ್ಯಾನು ಕೆಡಿಸ್ತಾನೆ, ಹಗ್ಗ ಕಡೀತಾನೆ" ಎಂದರು ಹನುಮಂತಯ್ಯ. "ಇಲ್ಲಿ ಬೆಟ್ಟದ ಸಾಮಾನಿಗೆ ಒಂದು ಗೀರೂ ಇಲ್ಲ. ಹಾಳಾಗಿದ್ದು ನೀರಿನ ಸಾಮಾನು ಒಂದೇ. ಅಂದ್ರೆ ಇವನಿಗೆ ಯಾತ್ರೆ ಬೇಕು, ಹೊಳೆ ಬೇಡ. ಅಲ್ಲಿಗೇ ಯಜಮಾನ್ರ ಮೇಲಿನ ಅನುಮಾನ ಹೋಯ್ತು."

"ಆದ್ರೂ ನಾವು ಮೂವರಲ್ಲಿ ಇವನೇ ಅಂತ?"

"ಮಚ್ಚು ಹೇಳ್ತು. ಪೂಜೆಗಿಟ್ಟ ಆಯುಧನ ಮಾರನೇ ದಿನ ಪೂಜೆ ಕದಲಿಸೋವರೆಗೂ ಮುಟ್ಟಬಾರದು. ಗೊತ್ತಲ್ಲ? ಕುಯ್ದೋನು ಅವಸರಕ್ಕೆ ದೇವಿ ಮುಂದಿದ್ದ ಮಚ್ಚನ್ನೇ ಎತ್ಕೊಂಡ. ತೊಗಲಿನ ಎಣ್ಣೆಗೆ ಬೊಟ್ಟು ಅಳಿಸಿಹೋಯ್ತು. ಬೇರೆ ಕಳ್ಳ ಆಗಿದ್ರೆ ಮಚ್ಚನ್ನ ಅಲ್ಲೇ ಬಿಸಾಕಿ ಓಡ್ತಿದ್ದ. ಇವನಿಗೆ ಭಯ. ನಾಳೆ ಅದೇ ಮಚ್ಚು ಹಿಡ್ಕೊಂಡು ಕಾಡು ನುಗ್ಗಬೇಕು, ದೇವಿ ಸುಮ್ನೆ ಬಿಡ್ತಾಳಾ? ಒರೆಸಿದ, ಜಾಗದಲ್ಲೇ ಇಟ್ಟ, ತಟ್ಟೆಯಿಂದ ಕುಂಕುಮ ತಗೊಂಡು ಹೊಸ ಬೊಟ್ಟು ಇಟ್ಟ, ಹೂವನ್ನೂ ಇಟ್ಟ. ತಪ್ಪು ಮಾಡಿ ಪೂಜೆ ಮಾಡಿದ. ಅಲ್ಲಿ ಸಿಕ್ಕಿಬಿದ್ದ."

"ಬೊಟ್ಟು ಬೊಟ್ಟೇ ಅಲ್ವಾ ಸಾರ್?"

"ಈ ಹುಡುಗಿ ಅರಿಶಿನ ಹಚ್ಚಿ, ಅದರ ಮೇಲೆ ಉಂಗುರ ಬೆರಳಲ್ಲಿ ಗುಂಡಗೆ ಇಟ್ಟಿದಾಳೆ. ಎಲ್ಲಾ ಒಣಗಿ ಉದುರ್ತಿದ್ವು. ಮಚ್ಚಿನ ಮೇಲಿದ್ದದ್ದಕ್ಕೆ ಅರಿಶಿನಾನೇ ಇಲ್ಲ. ಎಣ್ಣೆ ಕುಡಿದು ಕಪ್ಪಾಗಿತ್ತು. ಉದ್ದಕ್ಕೆ, ಹೆಬ್ಬೆರಳಲ್ಲಿ ಕೆಳಗಿಂದ ಮೇಲಕ್ಕೆ ಎಳೆದಿದ್ದು. ಅಜ್ಜಿ ಗಂಡ ಸತ್ತ ಮೇಲೆ ಕುಂಕುಮ ಮುಟ್ಟಲ್ಲ. ನೀವಂತೂ ಮೆಷಿನ್ನಿಗೆ ಎಣ್ಣೆ ಬಿಟ್ರೆ ಸಾಕು ಅನ್ನೋ ಪೈಕಿ. ಗರಡೀಲಿ ಗದೆಗಳಿಗೆ ಇವರು ಬೊಟ್ಟು ಇಡೋದು ನೋಡ್ದೆ. ಅದೇ ಹೆಬ್ಬೆರಳು, ಅದೇ ಎಳೆತ. ಹುಡುಗಿ ಹೆದರಿದಾಳೆ ಅಂತ ಹೋಟ್ಲಲ್ಲಿ ಹೇಳಿದ್ದೂ, ಹೊಳೆ ಒಂದು ಬಿಟ್ರಾಯ್ತು ಅಂದಿದ್ದೂ ಇವರೇ. ಆಮೇಲೆ ಉಳಿದಿದ್ದು ನೀರು ತೋರಿಸೋದು."

ದೊಡ್ಡಣ್ಣ ಮುಖ ಮುಚ್ಚಿಕೊಂಡಿದ್ದ. ಬೆರಳ ಸಂದಿಯಿಂದ ಮಾತು ಬಂತು. "ಚಿಕ್ಕವನಿದ್ದಾಗ ಕಪಿಲೆ ಬಾವಿಗೆ ಬಿದ್ದಿದ್ದೆ ಸಾರ್. ಎತ್ತಿದ ಮೇಲೆ ಅಪ್ಪ ಹೊಡೆದ್ರು. ಗಂಡುಮಗ ನೀರಿಗೆ ಹೆದರ್ತಾನೆ ಅಂತ ಹೊರಗೆ ಗೊತ್ತಾದ್ರೆ ಮಾನ ಹೋಗುತ್ತೆ ಅಂದ್ರು. ಅವತ್ತಿಂದ ಯಾರಿಗೂ ಹೇಳ್ಲಿಲ್ಲ. ಪೈಲ್ವಾನ ಅಂತ ಊರೆಲ್ಲ ನನಗೆ ಹಾರ ಹಾಕ್ತು. ಹೊಳೆಗೆ ಬರಲ್ಲ ಅಂತ ಹೆಂಗ್ ಹೇಳ್ಲಿ?"

ಬೈರಪ್ಪ ಏರಿಯ ಮೇಲೆ ನಿಂತೇ ಇದ್ದರು. ಜನ ಅವರ ಕಡೆ ತಿರುಗಿದರು. ಅವರು ಯಾರ ಕಡೆಗೂ ನೋಡಲಿಲ್ಲ. ಟವಲು ಹೆಗಲಿಂದ ತೆಗೆದು ಮತ್ತೆ ಹೆಗಲಿಗೆ ಹಾಕಿಕೊಂಡರು.

ಗಂಗಲಕ್ಷ್ಮಮ್ಮ ಹರಿಗೋಲಿನಿಂದ ಇಳಿದು ದಡಕ್ಕೆ ಬಂದಳು. ಕಣ್ಣು ಕೆಂಪಗಾಗಿತ್ತು. ಅಳುವಲ್ಲ, ಸಿಟ್ಟು.

"ಹೆದರಿದ್ದು ತಪ್ಪಲ್ಲ ಅಣ್ಣ. ನಿನ್ನ ಹೆದರಿಕೆನ ತಂದು ನನ್ನ ತಲೆಗೆ ಕಟ್ಟಿದ್ಯಲ್ಲ, ಅದು ತಪ್ಪು. ಬೆಳಿಗ್ಗೆಯಿಂದ ಈ ಜನ ನನ್ನ ನೋಡಿ ನಕ್ರು. ನಿಜ ಗೊತ್ತಿದ್ದೂ ನೀನು ಬಾಯಿ ಮುಚ್ಕೊಂಡಿದ್ದೆ."

ದೊಡ್ಡಣ್ಣ ಮುಖದಿಂದ ಕೈ ತೆಗೆದ.

"ಎದ್ದೇಳು. ಏರಿ ಹತ್ತಿ ಅವರಿಗೆಲ್ಲ ಹೇಳು. ಹೆದರಿದ್ದು ಯಾರು ಅಂತ."

ಅವನು ಎದ್ದ. ಮೈಯೆಲ್ಲ ಕೆಸರು. ಏರಿ ಹತ್ತಿದ. ಕುಸ್ತಿಯಲ್ಲಿ ಅಷ್ಟು ಜನರನ್ನು ಚಿತ್ತು ಮಾಡಿದವನಿಗೆ ಆ ಒಂದು ಮಾತು ಆಡಲು ಬಹಳ ಹೊತ್ತು ಹಿಡಿಯಿತು. ಕೊನೆಗೆ ಆಡಿದ. "ಹೆದರಿದ್ದು ನಾನು. ನಮ್ಮ ಗಂಗು ಅಲ್ಲ."

ಏರಿಯ ಮೇಲೆ ಒಬ್ಬರೂ ನಗಲಿಲ್ಲ.

* * *

"ಕಂಪ್ಲೇಂಟು ಯಾರು ಕೊಡ್ತೀರಾ?" ಎಂದರು ಹನುಮಂತಯ್ಯ.

ಪುರುಷೋತ್ತಮ ಗಂಗಲಕ್ಷ್ಮಮ್ಮನ ಮುಖ ನೋಡಿದ. ಅವಳು ಇಲ್ಲವೆಂದು ತಲೆಯಾಡಿಸಿದಳು.

ಬೈರಪ್ಪ ಗಂಟಲು ಸರಿಮಾಡಿಕೊಂಡರು. ಹೊತ್ತು ಇಳಿಯುತ್ತಿತ್ತು. "ಗಂಗು, ಅಣ್ಣ ಜೊತೇಲಿದ್ರೆ ಅಂತ ನಾನು ಮಾತು ಕೊಟ್ಟಿದ್ದೆ. ಈಗ ಅಣ್ಣ ಇಲ್ಲ. ಬೇರೆಯವರ ಹುಡುಗನ ಜೊತೆ ಒಬ್ಬಳನ್ನೇ ಕಳಿಸಲ್ಲ. ಮನೆಗೆ ನಡಿ."

ಮಾತಿಗೆ ಮಾತು ಸರಿಯಾಗಿಯೇ ಇತ್ತು. ಇಡೀ ದಿನ ಅಲೆದದ್ದು ನೀರಿನಲ್ಲಿ ಹೋಮ ಮಾಡಿದ ಹಾಗಾಯಿತೆಂದುಕೊಂಡು ಹನುಮಂತಯ್ಯ ಕಳಚಿಟ್ಟ ಬೂಟಿಗೆ ಕೈ ಹಾಕಿದರು.

"ಅಣ್ಣ ಇಲ್ಲ ಅಂದೋರ್ಯಾರು?" ಎಂದಳು ಗಂಗಲಕ್ಷ್ಮಮ್ಮ. "ಅಣ್ಣ ಬರ್ತಾನೆ."

ದೊಡ್ಡಣ್ಣ ತಲೆಯೆತ್ತಿದ. "ನಾನಾ? ಹೊಳೆಗಾ?"

"ಹೊಳೆ ಬರೋಕೆ ಇನ್ನೂ ವಾರಗಟ್ಟಲೆ ಇದೆ. ದಾರೀಲಿ ಕೆರೆ ಇದೆ, ತುಂಗಭದ್ರೆ ಇದೆ. ಸೊಂಟಕ್ಕೆ ಸೋರೆಬುರುಡೆ ಕಟ್ಟಿ ನಾನೇ ಈಜು ಕಲಿಸ್ತೀನಿ. ಕಲೀಲಿಲ್ಲ ಅಂದ್ರೆ ಬುರುಡೆ ಕಟ್ಕೊಂಡೇ ಹರಿಗೋಲಲ್ಲಿ ಕೂತ್ಕೊ. ಯಾರು ಬೇಕಾದ್ರೂ ನಗ್ಲಿ. ನನ್ನ ನೋಡಿ ನಕ್ಕಿದ್ರಲ್ಲ, ನಾನೇನು ಸತ್ತೋದ್ನಾ?"

"ಅಪ್ಪ ಏನಂತಾರೋ..."

"ಅಪ್ಪನ್ನ ಕೇಳಿದ್ದು ಸಾಕು. ನಿನ್ನ ಕೇಳ್ತಿದೀನಿ. ಬರ್ತೀಯಾ, ಇಲ್ವಾ?"

ದೊಡ್ಡಣ್ಣ ಕೆರೆಯ ಕಡೆ ನೋಡಿದ. ಆಮೇಲೆ ಅಪ್ಪನ ಕಡೆ ತಿರುಗಿದ. "ಹೆದರಿಕೆ ಇದೆ ಅಪ್ಪ. ಆದ್ರೂ ಹೋಗ್ತೀನಿ."

ಬೈರಪ್ಪ ದಾರಿ ಬಿಟ್ಟು ಪಕ್ಕಕ್ಕೆ ಸರಿದರು. ಮಗ ಅವರೆದುರು ಹೆದರಿಕೆ ಎಂದು ಬಾಯಿಬಿಟ್ಟಿದ್ದು ಇದೇ ಮೊದಲು.

ಅಕ್ಕಯ್ಯಮ್ಮ ಯಾರನ್ನೂ ಕೇಳದೆ ಮನೆಯ ಕಡೆ ಹೊರಟಳು. ಹಿಂದಿರುಗುವಾಗ ಮಡಿಲಲ್ಲಿ ಎರಡು ಒಣ ಸೋರೆಬುರುಡೆಗಳಿದ್ದವು.

ವ್ಯಾನು ಮಾಗಡಿ ರಸ್ತೆಗೆ ಮುಖ ಮಾಡಿ ನಿಂತಿತ್ತು. ಹರಿಗೋಲು ಅದರ ಮೇಲೆ ಬೋರಲಾಗಿ ಕೂತಿತ್ತು. ಪಡುವಣದಲ್ಲಿ ಸೂರ್ಯ ಇನ್ನೂ ಮರಗಳ ಮೇಲಿದ್ದ. ಗಂಗಲಕ್ಷ್ಮಮ್ಮ ದೊಡ್ಡಪ್ಪನ ಕಾಲಿಗೆ ನಮಸ್ಕಾರ ಮಾಡಿ ವ್ಯಾನು ಹತ್ತಿದಳು.

ಬೈರಪ್ಪ ಕಿಟಕಿಯ ಹತ್ತಿರ ಬಂದರು. ದನಿ ಈಗ ಮೆತ್ತಗಿತ್ತು. "ನಾಳಿದ್ದು ನೆಲಮಂಗಲದವರು ಬರ್ತಾರಲ್ಲ. ಅವರಿಗೆ ಏನು ಹೇಳ್ಲಿ?"

ಪುರುಷೋತ್ತಮ ಗೇರು ಹಾಕಿದ. ವ್ಯಾನು ಕದಲಿತು. ಗಂಗಲಕ್ಷ್ಮಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಹುಡುಗಿ ಮನೇಲಿಲ್ಲ ಅಂತ ಹೇಳಿ ದೊಡ್ಡಪ್ಪ!"